ಐದನೇ ಕ್ಲಾಸಿನ ಸಂಬಳ

ನಿಮ್ಮ ಪ್ರಶ್ನೆ ಓದಿದೆ ತಂಗಿ. ಗಂಡನ ಬ್ಲೂ ಕಾರ್ಡ್ (ಓದಿದ ಹೊರದೇಶದವರಿಗೆ ಕೊಡೋ ಕೆಲಸದ ಪರವಾನಗಿ) ಮೇಲೆ ಮಗು ಜೊತೆ ಜರ್ಮನಿಗೆ ಬಂದಿದ್ದೀರಿ. ‘ನಾನು ಕೆಲಸಕ್ಕೆ ಹೋದರೆ ಅರ್ಧ ತೆರಿಗೆಗೆ, ಮಿಕ್ಕಿದ್ದು ಕೀಟಾಗೆ (ಮಗು ನೋಡಿಕೊಳ್ಳೋ ಶಿಶುವಿಹಾರ) ಹೋಗತ್ತಂತೆ, ಒಬ್ಬರೇ ದುಡಿದರೆ ಸಾಲದಾ’ ಅಂತ ಕೇಳಿದ್ದೀರಿ. 11 ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ಒಬ್ಬರ ಸಂಬಳದಲ್ಲಿ ಸಂಸಾರ ನಡೆಯತ್ತೆ. ಇಲ್ಲಿನ ಕಾನೂನೇ ಅಂಥ ಮನೆಯ ಪರ. 1958ರಿಂದಲೂ ಇಬ್ಬರ ಆದಾಯ ಕೂಡಿಸಿ, ಅರ್ಧ ಮಾಡಿ, ಆ ಅರ್ಧಕ್ಕೆ ಬರೋ ತೆರಿಗೆಯ ಎರಡರಷ್ಟು ವಸೂಲಿ ಮಾಡ್ತಾರೆ. ಒಬ್ಬರೇ ದುಡಿಯುವವರಿಗೆ ಇದರ ಲಾಭ ಜಾಸ್ತಿ. ಸರ್ಕಾರಿ ಆರೋಗ್ಯ ವಿಮೆಯಾದರೆ ನೀವೂ ಮಗುವೂ ಪುಕ್ಕಟೆ ಸೇರಿಕೊಳ್ಳಬಹುದು.

ಎಡವೋದು ಪೇಸ್ಲಿಪ್ಪಿನಲ್ಲಿ. ತಿಂಗಳ ಸಂಬಳದಲ್ಲಿ ಎಷ್ಟು ತೆರಿಗೆ ಹಿಡೀಬೇಕು ಅನ್ನೋದನ್ನ ಇಲ್ಲಿ ತೆರಿಗೆ ಕ್ಲಾಸ್ ಹೇಳತ್ತೆ. ನಮ್ಮವರದು ಕ್ಲಾಸ್ 3, ನನ್ನದು 5. ಇಬ್ಬರ ತೆರಿಗೆ ವಿನಾಯಿತಿಯೂ ಅವರ ಪಾಲಿಗೆ. ನನ್ನ ಮೊದಲ ಸ್ಲಿಪ್ ಬಂದ ದಿನ ಅಡಿಗೆಮನೆ ಟೇಬಲ್ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನನ್ನ ಕೈಗೆ ಬಂದಿದ್ದು ಅರ್ಧಕ್ಕಿಂತ ಚೂರು ಹೆಚ್ಚು. ‘ಇಷ್ಟಕ್ಕೆ ಯಾಕೆ ಒದ್ದಾಡ್ತೀಯ’ ಅಂದರು. ನಾನೂ ಹೌದೆಂದುಕೊಂಡೆ. ಆದರೆ ನನ್ನ ತೆರಿಗೆಯ ಒಂದು ಪಾಲು ಅವರ ಸ್ಲಿಪ್ಪಿನಲ್ಲಿ ಉಳಿತಾಯವಾಗಿ ಕೂತಿತ್ತು! ವರ್ಷದ ರಿಟರ್ನ್ ಹಾಕಿದ ಮೇಲೆ 3-5 ಆಗಲಿ, ಇಬ್ಬರಿಗೂ ಒಂದೇ ಕ್ಲಾಸ್ ಅಂತ 4-4 ಆಗಲಿ, ಮನೆಯ ಒಟ್ಟು ತೆರಿಗೆ ಒಂದೇ. ಎರಡನೇ ಸಂಬಳಕ್ಕೆ ಮೊದಲ ಯೂರೋದಿಂದಲೇ ತೆರಿಗೆ ಬೀಳತ್ತೆ ಅನ್ನೋದು ನಿಜ, ಆದರೂ ಸ್ಲಿಪ್ ಹೆದರಿಸುವಷ್ಟಲ್ಲ.

ಕ್ಲಾಸ್ 5 ನಿಜವಾಗಿ ಕಚ್ಚೋದು ಬೇರೆ ಕಡೆ. ಹೆರಿಗೆಯಾದಾಗ ಕೊಡೋ ಎಲ್ಟರ್‌ಗೆಲ್ಡ್ ಸಾಮಾನ್ಯವಾಗಿ ಕೈಗೆ ಬರುತ್ತಿದ್ದ ಸಂಬಳದ ಶೇ. 65ರ ಸುಮಾರು, ತಿಂಗಳಿಗೆ 300ರಿಂದ 1800 ಯೂರೋ ಮಿತಿಯೊಳಗೆ. ಕೆಲಸ ಹೋದರೆ ಸಿಗೋ ಭತ್ಯೆಗೂ ಅದೇ ಲೆಕ್ಕ. ಸ್ಲಿಪ್ಪಿನಲ್ಲಿ ಕಮ್ಮಿ ಇದ್ದರೆ ಅಲ್ಲೂ ಕಮ್ಮಿ. ಎರಡನೇ ಮಗುವಿನ ಯೋಚನೆ ಇದ್ದರೆ ತುಂಬಾ ಮುಂಚೆಯೇ ಕ್ಲಾಸ್ ಬದಲಾಯಿಸಿ. ನಾನು ಬದಲಾಯಿಸಲಿಲ್ಲ, ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಪಿಂಚಣಿಗೆ ಕನಿಷ್ಠ 5 ವರ್ಷ ನಿಮ್ಮ ಹೆಸರಲ್ಲೇ ವಂತಿಗೆ ಬೇಕು. ಅದನ್ನು ಯಾವ ಗಂಡನ ಸಂಬಳವೂ ತುಂಬಿಕೊಡಲ್ಲ.

ಇನ್ನೊಂದು ಮಾತು. ನಮ್ಮವರ ಕಂಪನಿ ಜನರನ್ನು ತೆಗೆದಾಗ ಅವರೂ ಮನೆಗೆ ಬಂದರು. ಐದು ತಿಂಗಳು ಬಾಡಿಗೆ ಹೋಗಿದ್ದು ನಾವು ‘ಇಷ್ಟೇನಾ’ ಅಂದುಕೊಂಡಿದ್ದ ನನ್ನ ಆ ಸಂಬಳದಿಂದಲೇ.

ಕೆಲಸಕ್ಕೆ ನಿಮಗೆ ಬೇರೆ ಪರವಾನಗಿ ಬೇಡ, ಬ್ಲೂ ಕಾರ್ಡಿನವರ ಸಂಗಾತಿಗೆ ಅದು ಇದ್ದೇ ಇದೆ. ಕೀಟಾ ಖರ್ಚು ಊರಿನ ಮೇಲೆ ಹೋಗತ್ತೆ. ಬರ್ಲಿನ್‌ನಲ್ಲಿ ಶುಲ್ಕ ಇಲ್ಲ, ಊಟಕ್ಕೆ ಸ್ವಲ್ಪ ಕೊಡಬೇಕು. ಮಗುವಿಗೆ ವರ್ಷ ತುಂಬಿದರೆ ಜಾಗ ಕೇಳೋ ಹಕ್ಕು 2013ರಿಂದ ಇದೆ, ಹಕ್ಕಿದ್ದಷ್ಟು ಸುಲಭವಾಗಿ ಜಾಗ ಸಿಗಲ್ಲ. ಕೆಲಸ ಸಿಗಲಿ ಆಮೇಲೆ ನೋಡೋಣ ಅನ್ನಬೇಡಿ, ಕೀಟಾ ಅರ್ಜಿ ಈ ವಾರವೇ ಹಾಕಿ. ಯಾವ ಊರು ಅಂತ ಬರೆಯಿರಿ.