ಪ್ರತಿಕ್ರಿಯೆ: ಅಳತೆ ಕಪ್ ಇಲ್ಲದೆ ಹಾಲು ಅಳೆಯುವುದು

ಅಳತೆ ಕಪ್ ಇಲ್ಲದೆ ಕೇಕ್ ಮಾಡಲು ಹೋಗಿ ಹಿಟ್ಟು ನೀರಾಯಿತು, ಯಾಕೆ ಅಂತ ಕೇಳಿದ್ದೀರಿ. ಕಾರಣ ಬಹುಶಃ ನಿಮ್ಮ ಸ್ಟೀಲ್ ಲೋಟ. ಮೈದಾವನ್ನು ಸಿಂಧನೂರಿನ ಕಿರಾಣಿ ಅಂಗಡಿಯಲ್ಲಿ ತೂಗಿಸಿ ತಂದಿದ್ದೀರಿ, ಹಾಲು ಮಾತ್ರ ‘ಒಂದು ಕಪ್’ ಅಂತ ಲೋಟದ ತುಂಬ ಹಾಕಿದ್ದೀರಿ. ರೆಸಿಪಿಯ ಕಪ್ ಅಂದ್ರೆ ಸುಮಾರು 240 ಮಿ.ಲೀ. ನಮ್ಮ ಕಡೆ ನೀರು ಕುಡಿಯುವ ಲೋಟ 300 ದಾಟುವುದೂ ಉಂಟು.

ಸೀಲ್ ಒಡೆಯದ ಅರ್ಧ ಲೀಟರ್ ನೀರಿನ ಬಾಟಲಿ ತನ್ನಿ. ಒಂದೇ ಥರದ ಎರಡು ದೊಡ್ಡ ಗಾಜಿನ ಲೋಟಗಳಿಗೆ ಸಮನಾಗಿ ಪೂರ್ತಿ ಸುರಿಯಿರಿ. ಲೋಟಗಳನ್ನು ಕಟ್ಟೆ ಮೇಲಿಟ್ಟು, ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ನೋಡಿ. ಮೇಲಿಂದ ನೋಡಿದರೆ ಮೋಸ ಹೋಗುತ್ತೀರಿ. ಈಗ ಒಂದೊಂದರಲ್ಲೂ 250. ಒಂದರಿಂದ 10 ಮಿ.ಲೀ. (ಹೇಗೆ ಅಳೆಯುವುದು ಅಂತ ಕೆಳಗೆ ಹೇಳಿದ್ದೇನೆ) ತೆಗೆದು, ನೀರು ನಿಂತ ಕಡೆ ನೇಲ್ ಪಾಲಿಶ್‌ನಲ್ಲಿ ಹೊರಗೆ ಗೆರೆ ಎಳೆಯಿರಿ. ಅದೇ ನಿಮ್ಮ ಕಪ್. ರೆಸಿಪಿಯವರು ಕಪ್ಪನ್ನು 250 ಅಂತ ಹಿಡಿದಿದ್ದರೂ ಇಷ್ಟಕ್ಕೆ ಕೇಕ್ ಕೆಡುವುದಿಲ್ಲ.

ಸಣ್ಣ ಅಳತೆಗೆ ಗೆರೆ ಇರುವ ಕೆಮ್ಮಿನ ಸಿರಪ್ ಮುಚ್ಚಳ ಸಾಕು, ಚೆನ್ನಾಗಿ ತೊಳೆದು. ಟೀ ಸ್ಪೂನ್ 5, ಟೇಬಲ್ ಸ್ಪೂನ್ 15.

ತಕ್ಕಡಿ ಸಿಕ್ಕರೆ ನೀರು, ಹಾಲಿಗೆ 1 ಮಿ.ಲೀ. ಅಂದ್ರೆ 1 ಗ್ರಾಂ ಅಂತ ಹಿಡಿಯಿರಿ. ಎಣ್ಣೆಗೆ ಈ ಲೆಕ್ಕ ಬೇಡ, ಅದು ಹಗುರ. ಒಂದು ಲೀಟರ್ ತೂಗಿದರೆ ಸುಮಾರು 910 ಗ್ರಾಂ ಅಷ್ಟೇ.