ರ‍್ಯಾಂಡಮ್ ಅಂದರೆ ಸಮಪಾಲು ಅಂತಲ್ಲ
(ಲೆಕ್ಕದ ಮೇಷ್ಟ್ರನ್ನು ಕೇಳಿ)

ಪ್ರಶ್ನೆ: ಸರ್, ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ನೀರು. ಭತ್ತಕ್ಕೆ ವಿಮೆ ಕಟ್ಟಿದ್ದೆವು. ಬೆಳೆ ಕಟಾವು ಪ್ರಯೋಗಕ್ಕೆ, ಅಂದರೆ ಕೆಲವು ಗದ್ದೆಯ ಬೆಳೆ ಕೊಯ್ದು ತೂಗಿ ಇಡೀ ಪಂಚಾಯಿತಿಯ ಸರಾಸರಿ ಇಳುವರಿ ಲೆಕ್ಕ ಹಾಕುವುದಕ್ಕೆ, ನಾಲ್ಕು ಗದ್ದೆ ಆರಿಸಿದರು. ಕಂಪ್ಯೂಟರ್ ರ‍್ಯಾಂಡಮ್ ಆಗಿ ಆರಿಸಿದೆ ಅಂದರು. ನೋಡಿದರೆ ಮೂರು ಗದ್ದೆ ಕಾಲುವೆಯ ಮೇಲ್ಭಾಗದವೇ. ಅಲ್ಲಿ ಬೆಳೆ ಚೆನ್ನಾಗಿತ್ತು. ಸರಾಸರಿ ಇಳುವರಿ ಜಾಸ್ತಿ ಬಂತು, ಕೊನೆ ಭಾಗದ ನಮಗೆ ಪರಿಹಾರ ಬರಲಿಲ್ಲ. ರ‍್ಯಾಂಡಮ್ ಆಗಿದ್ದರೆ ಅಲ್ಲಿ ಎರಡು, ಇಲ್ಲಿ ಎರಡು ಬರಬೇಕಿತ್ತಲ್ವಾ?
– ಒಬ್ಬ ರೈತ, ಸಿಂಧನೂರು ತಾಲೂಕು

ಉತ್ತರ: ಬರಲೇಬೇಕು ಅಂತೇನಿಲ್ಲ. ರ‍್ಯಾಂಡಮ್ ಅಂದರೆ ಕಣ್ಣುಮುಚ್ಚಿ ಚೀಟಿ ಎತ್ತಿದ ಹಾಗೆ. ಭತ್ತದ ಸರ್ವೆ ನಂಬರುಗಳಲ್ಲಿ ಅರ್ಧ ಮೇಲ್ಭಾಗದವು, ಅರ್ಧ ಕೊನೆ ಭಾಗದವು ಅಂದುಕೊಳ್ಳಿ. ನಾಲ್ಕು ಚೀಟಿ ಎತ್ತಿದರೆ ಅವು ಒಟ್ಟು 16 ರೀತಿಯಲ್ಲಿ ಬರಬಹುದು. ಕಾಗದದ ಮೇಲೆ ಬರೆದು ನೋಡಿ. ಎರಡು–ಎರಡು ಬರುವುದು 6 ರೀತಿ ಮಾತ್ರ. ಉಳಿದ 10ರಲ್ಲಿ ಯಾವುದೋ ಒಂದು ಕಡೆಗೆ ಮೂರೋ ನಾಲ್ಕೋ ಬೀಳುತ್ತವೆ. ಅಂದರೆ ಸಮಪಾಲಿಗಿಂತ ಏರುಪೇರೇ ಜಾಸ್ತಿ. ಚೀಟಿಗೆ ನೆನಪಿಲ್ಲ ನೋಡಿ, ಹೋದ ಸಲ ಮೇಲ್ಭಾಗ ಬಂತು, ಈಗ ಕೆಳಗೆ ಹೋಗೋಣ ಅಂತ ಅದು ಯೋಚಿಸುವುದಿಲ್ಲ.

ಹಾಗಂತ ನಿಮ್ಮ ಅನುಮಾನ ಸುಮ್ನೆ ಅಂತಲೂ ಹೇಳಲಾರೆ. ಮೇಲ್ಭಾಗಕ್ಕೇ ಮೂರು ಅಥವಾ ನಾಲ್ಕು ಬೀಳುವುದು 16ಕ್ಕೆ 5. ಒಂದು ಸಲ ಆಯಿತು ಅಂದರೆ ಅದರಲ್ಲಿ ವಿಶೇಷವಿಲ್ಲ. ಸತತ ಮೂರು ಹಂಗಾಮು ಹಾಗೇ ಆದರೆ? ಅದರ ಸಾಧ್ಯತೆ 100ಕ್ಕೆ ಸುಮಾರು 3. ಆಗ ಪಟ್ಟಿ ತೋರಿಸಿ ಅಂತ ಕೇಳುವುದು ನ್ಯಾಯ. ಆರಿಸಿದ ನಂಬರಿನಲ್ಲಿ ಬೇರೆ ಬೆಳೆ ಇದ್ದಾಗ ಬದಲಿ ಗದ್ದೆ ತೆಗೆದುಕೊಳ್ಳುತ್ತಾರಲ್ಲ, ಅದನ್ನೂ ಕೇಳಿ. ಬದಲಿ ನಂಬರು ಪಟ್ಟಿಯಿಂದಲೇ ಬಂತಾ, ಇಲ್ಲಾ ರಸ್ತೆ ಪಕ್ಕದಲ್ಲಿದೆ ಅಂತ ಹಿಡಿದರಾ? ನನ್ನ ಅನುಭವದಲ್ಲಿ ಲೆಕ್ಕ ಕೆಡುವುದು ಕಂಪ್ಯೂಟರಿನಲ್ಲಲ್ಲ, ಅಲ್ಲಿ.

ಮೇಲ್ಭಾಗದ ಇಳುವರಿ ಬೇರೆ, ಕೊನೆ ಭಾಗದ್ದು ಬೇರೆ ಅಂತ ಎಲ್ಲರಿಗೂ ಗೊತ್ತಿರುವಾಗ ನಾಲ್ಕನ್ನೂ ಒಂದೇ ಡಬ್ಬಿಯಿಂದ ಎತ್ತುವುದು ನನಗೂ ಸರಿ ಕಾಣುವುದಿಲ್ಲ. ಎರಡು ಡಬ್ಬಿ ಮಾಡಿ, ಒಂದೊಂದರಿಂದ ಎರಡು ಚೀಟಿ ಎತ್ತಬಹುದು. ಇದನ್ನೇ ಮುಂದುವರಿಸಿದರೆ ಗಣಿತದಲ್ಲಿ ಕ್ವಾಸಿ-ರ‍್ಯಾಂಡಮ್ ಅನ್ನುವ ದಾರಿ ಸಿಗುತ್ತದೆ. ಕಾಲುವೆ ಉದ್ದಕ್ಕೆ ಮೊದಲ ಗುರುತು ನಡುವೆ ಹಾಕಿ. ಆಮೇಲೆ ಕಾಲು ಭಾಗದಲ್ಲಿ, ಮುಕ್ಕಾಲಿನಲ್ಲಿ, ನಂತರ 1/8, 5/8, 3/8, 7/8ರಲ್ಲಿ. ಎಲ್ಲಿ ನಿಲ್ಲಿಸಿದರೂ ಗುರುತುಗಳು ಒಂದೇ ಕಡೆ ಗುಂಪಾಗಿರುವುದಿಲ್ಲ. ಡಚ್ ಗಣಿತಜ್ಞ ವಾನ್ ಡೆರ್ ಕೋರ್ಪುಟ್ 1935ರಲ್ಲಿ ಕೊಟ್ಟ ಕ್ರಮ ಇದು. ಚೀಟಿಯಲ್ಲಾದರೆ ಸರಾಸರಿಯ ದೋಷ ಅರ್ಧಕ್ಕೆ ಇಳಿಯಲು ನಾಲ್ಕು ಪಟ್ಟು ಗದ್ದೆ ಬೇಕು. ಇಳುವರಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬದಲಾಗುತ್ತಿದ್ದರೆ, ಈ ಕ್ರಮಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಸಾಕು.

ಒಂದು ಅಪಾಯವಿದೆ. ಗುರುತು ಎಲ್ಲಿ ಬೀಳುತ್ತೆ ಅಂತ ಮೊದಲೇ ಗೊತ್ತಾದರೆ, ಅಲ್ಲಿಗೆ ಮಾತ್ರ ಒಂದು ಚೀಲ ಗೊಬ್ಬರ ಜಾಸ್ತಿ ಬೀಳಬಹುದು! ಅದಕ್ಕೇ ಕ್ರಮವೂ ಇರಲಿ, ಅದರೊಳಗೆ ಚೀಟಿಯೂ ಇರಲಿ. ಹೀಗೆ ಸಮವಾಗಿ ಹರಡುವುದಕ್ಕೆ ಇವತ್ತು ಬಳಸುವ ಒಂದು ಸಾಧನ ‘ಆರ್ಥೋಗೊನಲ್ ಅರೇ’, ಅಂದರೆ ಎಲ್ಲ ಜೋಡಿಗಳೂ ಸಮನಾಗಿ ಬರುವಂತೆ ಜೋಡಿಸಿದ ಒಂದು ಕೋಷ್ಟಕ. 1940ರ ದಶಕದಲ್ಲಿ ಅದನ್ನು ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆ, ಈಗ ವಿಜಯನಗರ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ನನ್ನ ಹುಡುಗರು ಸುಲಭಕ್ಕೆ ನಂಬುತ್ತಿರಲಿಲ್ಲ.

ಪ್ರಶ್ನೆ: ಕಂಪ್ಯೂಟರ್ ಹೇಳಿದ್ದಷ್ಟೇ ಮಾಡುತ್ತದೆ. ಮತ್ತೆ ಅದು ರ‍್ಯಾಂಡಮ್ ನಂಬರ್ ಕೊಡುವುದು ಹೇಗೆ?
– ಬಿಸಿಎ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಬಹುತೇಕ ನಟನೆ ಮಾಡುತ್ತದಮ್ಮ. ಗಣಿತಜ್ಞ ವಾನ್ ನಾಯ್ಮನ್ ಅವರ ಹಳೆಯ ಉಪಾಯವನ್ನು ಕ್ಯಾಲ್ಕುಲೇಟರಿನಲ್ಲೇ ಮಾಡಿ ನೋಡು. 1234ರ ವರ್ಗ 01522756. ನಡುವಿನ ನಾಲ್ಕು ಅಂಕಿ 5227. ಅದರ ವರ್ಗ 27321529, ನಡುವೆ 3215. ಹೀಗೇ ಮುಂದೆ. ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ. ಆದರೆ 2500 ಹಾಕಿ ನೋಡು. 06250000, ಮತ್ತೆ 2500. ಅಲ್ಲೇ ಸಿಕ್ಕಿಹಾಕಿಕೊಂಡಿತು.

1960ರ ದಶಕದಲ್ಲಿ ಐಬಿಎಂ ಯಂತ್ರಗಳಲ್ಲಿ ರ‍್ಯಾಂಡು ಎಂಬ ಪ್ರೋಗ್ರಾಮ್ ಇತ್ತು. ಹಿಂದಿನ ಸಂಖ್ಯೆಯನ್ನು 65539ರಿಂದ ಗುಣಿಸಿ, 2ರ 31ನೇ ಘಾತದಿಂದ ಭಾಗಿಸಿ, ಶೇಷ ಉಳಿಸಿಕೊಳ್ಳುತ್ತಿತ್ತು. ಒಂದೊಂದಾಗಿ ನೋಡಿದರೆ ಅನುಮಾನ ಬರುವುದಿಲ್ಲ. ಮೂರು ಮೂರು ಸೇರಿಸಿ, ಉದ್ದ, ಅಗಲ, ಎತ್ತರ ಅಂತ ಬಿಂದು ಇಟ್ಟರೆ ಎಲ್ಲವೂ 15 ಸಮತಲಗಳ ಮೇಲೇ ಬಂದು ಕೂರುತ್ತವೆ. ಅದನ್ನು ನಂಬಿ ಮಾಡಿದ ಲೆಕ್ಕಗಳ ಗತಿ ಏನು ಹೇಳು! ಪಾಸ್‌ವರ್ಡ್, ಬ್ಯಾಂಕಿನ ಕೆಲಸಕ್ಕೆ ಮಾಮೂಲಿ ಪ್ರೋಗ್ರಾಮಿನ ರ‍್ಯಾಂಡಮ್ ಬಳಸಬೇಡ. ಅದಕ್ಕೆಂದೇ ಬೇರೆ ಇವೆ.

ಪ್ರಶ್ನೆ: ಹಾಗಾದರೆ ನಿಜವಾದ ರ‍್ಯಾಂಡಮ್ ಎಲ್ಲಾದರೂ ಇದೆಯಾ?
– ಓದುಗರು, ಬಳ್ಳಾರಿ

ಉತ್ತರ: ನಾಣ್ಯದಲ್ಲಿ ಇಲ್ಲ. ಮೊದಲು ಜಾದೂಗಾರರಾಗಿದ್ದು ಆಮೇಲೆ ಗಣಿತದ ಪ್ರೊಫೆಸರಾದ ಪರ್ಸಿ ಡಯಾಕೊನಿಸ್ ಮತ್ತು ಜೊತೆಗಾರರು 2007ರಲ್ಲಿ ಒಂದು ಲೆಕ್ಕ ಕೊಟ್ಟರು. ಚಿಮ್ಮುವಾಗ ಮೇಲಿದ್ದ ಮುಖವೇ ಮತ್ತೆ ಮೇಲೆ ಬರುವ ಸಾಧ್ಯತೆ ಶೇ. 51ರಷ್ಟು. ಪರಮಾಣುವಿನ ಮಟ್ಟದಲ್ಲಿ ಮಾತ್ರ ಕಥೆ ಬೇರೆ. ಅಳೆದಾಗ ಸಿಗುವ ಉತ್ತರ ಕಣದೊಳಗೆ ಮೊದಲೇ ಅಡಗಿರಬಹುದಾ ಅಂತ ಪರೀಕ್ಷಿಸುವ ದಾರಿಯನ್ನು ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ತೋರಿಸಿದರು. ಜೋಡಿಯಲ್ಲಿ ದೂರ ಹೋದ ಇನ್ನೊಂದು ಕಣದ ಪ್ರಭಾವ ಬೆಳಕಿಗಿಂತ ಬೇಗ ತಟ್ಟುವುದಿಲ್ಲ ಅಂತ ಒಪ್ಪಿದರೆ, ಹಾಗೆ ಅಡಗಿಸಿಟ್ಟ ಉತ್ತರ ಇರಲಾರದು ಅಂತ ಪ್ರಯೋಗಗಳು ಹೇಳಿವೆ. ಆ ಪ್ರಯೋಗಗಳಿಗೇ ಆಸ್ಪೆ, ಕ್ಲೌಸರ್, ಜೈಲಿಂಗರ್ ಮೂವರಿಗೆ 2022ರ ಭೌತಶಾಸ್ತ್ರದ ನೊಬೆಲ್ ಬಂದದ್ದು.