ರೋಮಾಂಚಕ ಬಣ್ಣದ ಸೀರೆ ಇದೆಯೇ?

ಪ್ರಶ್ನೆ: ಆನ್‌ಲೈನ್ ಅಂಗಡಿಯೊಂದಕ್ಕೆ ಸೀರೆಗಳ ವಿವರಣೆಯನ್ನು ಕನ್ನಡಿಸುವ ಕೆಲಸ ನನ್ನದು. 'ವೈಬ್ರಂಟ್' ಬಂದಲ್ಲೆಲ್ಲ ಅನುವಾದದ ತಂತ್ರಾಂಶ 'ರೋಮಾಂಚಕ' ಎಂದು ಕೊಡುತ್ತದೆ. ಇದು ಸರಿಯೇ? ಊರು, ಜನರ ಬಗ್ಗೆಯೂ ಇದನ್ನೇ ಬಳಸಬಹುದೇ?
– ಓದುಗರು, ಹಾಸನ

ಉತ್ತರ: ಸರಿಯಲ್ಲ. ರೋಮ ಎಂದರೆ ಮೈಗೂದಲು. ಅದು ನಿಮಿರಿ ನಿಲ್ಲುವುದು ರೋಮಾಂಚ. ಕೊನೆಯ ಎಸೆತದಲ್ಲಿ ಗೆದ್ದ ಪಂದ್ಯ ರೋಮಾಂಚಕ, ಇಂಗ್ಲಿಷಿನ 'ಥ್ರಿಲ್ಲಿಂಗ್'. ಸೀರೆ ನೋಡಿ ಮೈ ಜುಮ್ಮೆನ್ನಬೇಕಿಲ್ಲ, ಬೆಲೆ ನೋಡಿದರೆ ಬೇರೆ ಮಾತು.

ವೈಬ್ರಂಟ್ ಹುಟ್ಟಿದ್ದು ಅಲುಗು, ಕಂಪಿಸು ಎಂಬ ಅರ್ಥದ ಲ್ಯಾಟಿನ್ 'ವಿಬ್ರಾರೆ'ಯಿಂದ. ವೈಬ್ರೇಷನ್ ಅದರ ಒಡಹುಟ್ಟು. ಕಂಪಿಸುವ ವಸ್ತುವಿಗೆ ಹೇಳುತ್ತಿದ್ದ ಮಾತು ಮೊಳಗುವ ದನಿಗೆ, ಹೊಳೆವ ಬಣ್ಣಕ್ಕೆ, ಜೀವಕಳೆ ತುಂಬಿದ ಎಲ್ಲಕ್ಕೂ ಹಬ್ಬಿತು. ಹಾಗಾಗಿ ಎಲ್ಲ ಕಡೆಗೂ ಒಪ್ಪುವ ಒಂದೇ ಕನ್ನಡ ಪದ ಸಿಗದು. ಮುಂದಿರುವ ನಾಮಪದ ನೋಡಿ ಆರಿಸಿಕೊಳ್ಳಿ.

ಬಣ್ಣಕ್ಕೆ 'ಗಾಢ' ಎಂದರೆ ಅರ್ಧ ಅರ್ಥ ಮಾತ್ರ ಬಂದೀತು. ಗಾಢ ನೀಲಿ ಕಪ್ಪಿಗೆ ವಾಲಿದ ನೀಲಿಯೂ ಆಗಬಹುದು. ವೈಬ್ರಂಟಿನಲ್ಲಿ ಹೊಳಪು ಇರಲೇಬೇಕು. 'ಕಣ್ಣು ಕುಕ್ಕುವ', 'ಢಾಳು' ಎಂದರೆ ಹೊಗಳಿಕೆ ಹೋಗಿ ಆಕ್ಷೇಪಣೆಯಾಗುತ್ತದೆ. 'ಎದ್ದು ಕಾಣುವ ಹಳದಿ', 'ಉಜ್ಜ್ವಲ ಕೆಂಪು' ಚೆನ್ನ. 'ಮಿರಮಿರ ಮಿಂಚುವ' ರೇಷ್ಮೆಗೆ, ಜರಿಗೆ ಸರಿ. ಹತ್ತಿ ಸೀರೆಗೆ ಹಾಕಿದಿರೋ, ಪಾರ್ಸೆಲ್ ವಾಪಸು ಬಂದೀತು. ಫೋಟೊ ತಿದ್ದುವ ತಂತ್ರಾಂಶಗಳಾದ ಫೋಟೊಶಾಪ್, ಲೈಟ್‌ರೂಮ್‌ಗಳ 'ವೈಬ್ರನ್ಸ್' ಮಾತ್ರ ತಾಂತ್ರಿಕ ಪದ. 'ಸ್ಯಾಚುರೇಷನ್' ಎಲ್ಲ ಬಣ್ಣವನ್ನೂ ಒಟ್ಟಿಗೆ ಏರಿಸಿದರೆ, ವೈಬ್ರನ್ಸ್ ಮಂಕಾದವನ್ನೇ ಹೆಚ್ಚು ಎತ್ತಿ, ರೂಪದರ್ಶಿಯ ಮೈಬಣ್ಣ ಕೆಡದಂತೆ ಕಾಯುತ್ತದೆ. ಎರಡಕ್ಕೂ 'ಬಣ್ಣದ ಗಾಢತೆ' ಎಂದು ಬರೆದರೆ ಬಳಸುವವರಿಗೆ ಗೊಂದಲ.

ಪೇಟೆ, ಊರು, ಮನುಷ್ಯರಿಗೆ 'ಲವಲವಿಕೆಯ' ಒಪ್ಪುತ್ತದೆ. 'ಗಿಜಿಗುಡುವ ಪೇಟೆ' ಬೇಡ, ಅದು ನೂಕುನುಗ್ಗಲಿನ ಮಾತು. ಪ್ರಜಾಪ್ರಭುತ್ವಕ್ಕೆ 'ಜೀವಂತ', ದನಿಗೆ 'ತುಂಬುಕಂಠದ'. 2003ರಲ್ಲಿ ಶುರುವಾದ ಹೂಡಿಕೆದಾರರ ಸಮಾವೇಶ 'ವೈಬ್ರಂಟ್ ಗುಜರಾತ್'ನಂಥ ಅಂಕಿತನಾಮಗಳನ್ನು ಹಾಗೆಯೇ ಬಿಡಿ.

ಪ್ರಶ್ನೆ: ಎಂಬತ್ತು ದಾಟಿಯೂ ಓಡಾಡಿಕೊಂಡಿರುವ ಅಜ್ಜನನ್ನು ಇಂಗ್ಲಿಷಿನಲ್ಲಿ 'ವಿವೇಶಸ್' ಎನ್ನಬಹುದೇ?
– ಓದುಗರು, ಸಾಗರ

ಉತ್ತರ: ಬೇಡ. ಆ ಪದವನ್ನು ಹೆಚ್ಚಾಗಿ ಹೆಂಗಸರಿಗೆ, ಅದರಲ್ಲೂ ಮಾತಿನಲ್ಲಿ, ನಗೆಯಲ್ಲಿ ಉಕ್ಕುವ ಉತ್ಸಾಹಕ್ಕೆ ಬಳಸುವುದು ರೂಢಿ. ಅಜ್ಜನಿಗೆ 'ಸ್ಪ್ರೈಟ್‌ಲಿ' ಅಥವಾ 'ಸ್ಪ್ರೈ' ಸರಿ: ವಯಸ್ಸಾದರೂ ಗಟ್ಟಿಮುಟ್ಟು, ಚುರುಕು. ಆದರೆ 'ವಯಸ್ಸಾದರೂ' ಎಂಬುದು ಆ ಪದಗಳೊಳಗೇ ಅಡಗಿರುವುದರಿಂದ, ನಲವತ್ತರ ಮೇಲಧಿಕಾರಿಗೆ ಹೇಳಿದರೆ ಅವರಿಗೆ ಬೇಸರವಾದೀತು. ಅವರಿಗೆ 'ಎನರ್ಜೆಟಿಕ್' ಸಾಕು.